ವ್ಯೋಮಕೋಷ್ಠದಲ್ಲಿ ವಾಯುವಿನ ಹದ

ಅರಸೀಕೆರೆಯ ಸುತ್ತಣ ಸೀಮೆಯು ರಾಗಿಯ ಸೀಮೆ. ಸುಗ್ಗಿಯಲ್ಲಿ ಬಂದ ಧಾನ್ಯವನ್ನು ನೆಲದೊಳಗೆ ತೋಡಿದ ಹಗೇವಿನಲ್ಲಿ ತುಂಬಿ, ಬಾಯಿಗೆ ಕಲ್ಲುಚಪ್ಪಡಿ ಮುಚ್ಚಿ, ಮೇಲೆ ಮಣ್ಣು ಮೆತ್ತಿ, ವರ್ಷಗಟ್ಟಲೆ ಕಾಪಾಡಿಕೊಳ್ಳುತ್ತಿದ್ದ ಪದ್ಧತಿಯು ಈ ಭಾಗದ ಹಿರಿಯರಿಗೆ ತಿಳಿಯದ ವಿಷಯವಲ್ಲ. ಹಗೇವಿನ ಬಾಯಿಯನ್ನು ತೆರೆದ ಒಡನೆಯೇ ಅದರೊಳಕ್ಕೆ ಯಾರನ್ನೂ ಇಳಿಸುತ್ತಿರಲಿಲ್ಲ. ಕೆಲಹೊತ್ತು ಹಾಗೆಯೇ ತೆರೆದು ಬಿಟ್ಟು, ಅನಂತರ ಉರಿಯುವ ಲಾಂದ್ರವೊಂದನ್ನು ಹಗ್ಗಕ್ಕೆ ಕಟ್ಟಿ ಒಳಗೆ ಇಳಿಬಿಡುತ್ತಿದ್ದರು. ದೀಪ ಉರಿಯುತ್ತಿದ್ದರೆ ಮನುಷ್ಯನು ಇಳಿಯಬಹುದು, ಆರಿದರೆ ಇಳಿಯಬಾರದು. ಈ ಎಚ್ಚರವನ್ನು ಮರೆತು ಇಳಿದವನೂ, ಅವನನ್ನು ಎತ್ತಲೆಂದು ಹಿಂದೆಯೇ ಧಾವಿಸಿ ಇಳಿದವನೂ ಮೇಲಕ್ಕೆ ಬಾರದೆ ಹೋದ ದುರಂತಗಳನ್ನು ಹಳ್ಳಿಗಳು ಕಂಡಿವೆ.

ಇದರ ಕಾರಣವು ಸರಳವಾದುದು. ಧಾನ್ಯವೂ ಜೀವವುಳ್ಳ ವಸ್ತುವೇ. ಅದು ಮುಚ್ಚಿದ ಕತ್ತಲೆಯಲ್ಲಿ ಮೆಲ್ಲಮೆಲ್ಲನೆ ಉಸಿರಾಡುತ್ತ, ಒಳಗಿನ ಆಮ್ಲಜನಕವನ್ನು ಬಳಸಿಕೊಂಡು, ಇಂಗಾಲಾಮ್ಲವಾಯುವನ್ನು ಹೊರಬಿಡುತ್ತದೆ. ಗಾಳಿಗಿಂತ ಭಾರವಾದ ಈ ವಾಯುವು ಹಗೇವಿನ ತಳದಲ್ಲಿ ನೀರಿನಂತೆ ನಿಂತುಬಿಡುತ್ತದೆ. ಧಾನ್ಯವನ್ನು ತಿನ್ನುವ ಹುಳುಗಳು ಅದರಲ್ಲಿ ಬದುಕಲಾರವು. ಆದುದರಿಂದಲೇ ರಾಗಿಯು ಕೆಡದೆ ಉಳಿಯುತ್ತದೆ. ಧಾನ್ಯಕ್ಕೆ ಹಿತವಾದ ಆ ಗಾಳಿಯೇ ಮನುಷ್ಯನಿಗೆ ಮೃತ್ಯುವಾಗುತ್ತದೆ. ಬಯಲಿನಲ್ಲಿರುವ ತನಕ ಮನುಷ್ಯನು ಗಾಳಿಯ ಚಿಂತೆ ಮಾಡಬೇಕಾಗಿಲ್ಲ. ನಾಲ್ಕು ಗೋಡೆಗಳನ್ನು ಕಟ್ಟಿ ಬಾಯಿ ಮುಚ್ಚಿದ ಕ್ಷಣದಿಂದ, ಒಳಗಿನ ಗಾಳಿಯ ಹೊಣೆಯು ಮುಚ್ಚಿದವನದಾಗುತ್ತದೆ. ಹಗೇವಿನಲ್ಲಿ ಅಜ್ಜಂದಿರು ಕಂಡುಕೊಂಡಿದ್ದ ಈ ಸತ್ಯವೇ ಇಂದಿನ ವ್ಯೋಮಯಾನ ವಿಜ್ಞಾನದಲ್ಲಿ ಒಂದು ಮಹತ್ತರ ಶಾಸ್ತ್ರವಾಗಿ ಬೆಳೆದುನಿಂತಿದೆ.

ವ್ಯೋಮಕೋಷ್ಠವೆಂದರೇನು?

ಆಕಾಶಕ್ಕೆ ಏರಬೇಕಾದ ಯಂತ್ರವನ್ನೂ ಮನುಷ್ಯನನ್ನೂ ಮೊದಲು ನೆಲದ ಮೇಲೆಯೇ ಪರೀಕ್ಷಿಸಿ ನೋಡುವುದು ವಿವೇಕ. ಭೂಮಿಯಿಂದ ನೂರಾರು ಕಿಲೋಮೀಟರ್ ಮೇಲೆ ಗಾಳಿಯು ಇಲ್ಲವೆನ್ನುವಷ್ಟು ವಿರಳವಾಗಿರುತ್ತದೆ; ಬಿಸಿಲು ಬಿದ್ದ ಕಡೆ ಸುಡುವ ತಾಪ, ನೆರಳಿನ ಕಡೆ ಕೊರೆಯುವ ಶೈತ್ಯ. ಈ ಸ್ಥಿತಿಯನ್ನು ದಪ್ಪ ಉಕ್ಕಿನ ಗೋಡೆಗಳ ಕೋಣೆಯೊಂದರಲ್ಲಿ ಕೃತಕವಾಗಿ ನಿರ್ಮಿಸುತ್ತಾರೆ. ಪಂಪುಗಳಿಂದ ಒಳಗಿನ ಗಾಳಿಯನ್ನು ಹೀರಿ ತೆಗೆಯುತ್ತಾರೆ. ದ್ರವರೂಪದ ಸಾರಜನಕವನ್ನು ಒಳಗೋಡೆಯ ಕೊಳವೆಗಳಲ್ಲಿ ಹರಿಸಿ ಶೈತ್ಯವನ್ನುಂಟುಮಾಡುತ್ತಾರೆ. ಪ್ರಖರ ದೀಪಗಳಿಂದ ಸೂರ್ಯನ ತಾಪವನ್ನು ತರುತ್ತಾರೆ. ಇದೇ ವ್ಯೋಮಕೋಷ್ಠ.

ಬೆಂಗಳೂರಿನ ಯು. ಆರ್. ರಾವ್ ಉಪಗ್ರಹ ಕೇಂದ್ರದಲ್ಲಿ ಇಂತಹ ದೊಡ್ಡ ಕೋಷ್ಠಗಳಿವೆ. ಹಾಸನದಲ್ಲಿ 1982ರಲ್ಲಿ ಸ್ಥಾಪಿತವಾದ ಮುಖ್ಯ ನಿಯಂತ್ರಣ ಕೇಂದ್ರದ ಬೃಹತ್ ಆಂಟೆನಾಗಳನ್ನು ಬೇಲೂರು, ಹಳೇಬೀಡುಗಳ ಕಡೆಯ ವಿದ್ಯಾರ್ಥಿಗಳು ಕಂಡಿರಬಹುದು. ಆ ಕೇಂದ್ರವು ದೂರದಿಂದ ನಡೆಸುವ ಉಪಗ್ರಹಗಳು ಆಕಾಶಕ್ಕೆ ಏರುವ ಮೊದಲು ಇಂತಹ ಅಗ್ನಿಪರೀಕ್ಷೆ, ಹಿಮಪರೀಕ್ಷೆಗಳೆರಡನ್ನೂ ಎದುರಿಸಿ ಬರಬೇಕು. ಆದರೆ ಉಪಗ್ರಹಕ್ಕೆ ಉಸಿರಿಲ್ಲ. ಕೋಷ್ಠದ ಗಾಳಿ ಎಷ್ಟು ಬರಿದಾದರೂ ಅದಕ್ಕೆ ಬಾಧೆಯಿಲ್ಲ. ಕೋಷ್ಠದೊಳಕ್ಕೆ ಮನುಷ್ಯನು ಕಾಲಿಟ್ಟ ಗಳಿಗೆಯಿಂದ ಸಮಸ್ಯೆಯ ಸ್ವರೂಪವೇ ಬೇರೆಯಾಗುತ್ತದೆ.

ಮನುಷ್ಯನು ಕುಳಿತುಕೊಳ್ಳುವ ಕೋಷ್ಠಗಳೂ ಕರ್ನಾಟಕದಲ್ಲಿ ಹೊಸವೇನಲ್ಲ. ಬೆಂಗಳೂರಿನಲ್ಲಿ 1957ರಲ್ಲಿ ವಾಯುಪಡೆಯು ವೈಮಾನಿಕ ವೈದ್ಯಶಾಸ್ತ್ರದ ಶಾಲೆಯೊಂದನ್ನು ಆರಂಭಿಸಿತು. ಅದೇ ಮುಂದೆ ಬೆಳೆದು ಇನ್‌ಸ್ಟಿಟ್ಯೂಟ್ ಆಫ್ ಏರೋಸ್ಪೇಸ್ ಮೆಡಿಸಿನ್ ಎಂಬ ಹೆಸರನ್ನು ಪಡೆದಿದೆ. ಎತ್ತರದಲ್ಲಿ ಹಾರುವ ವೈಮಾನಿಕರನ್ನು ಅಲ್ಲಿನ ಅಲ್ಪಒತ್ತಡದ ಕೋಷ್ಠದಲ್ಲಿ ಕೂರಿಸಿ, ಗಾಳಿಯನ್ನು ಕ್ರಮಕ್ರಮವಾಗಿ ತೆಗೆದು, ನೆಲವನ್ನು ಬಿಡದೆಯೇ ಅವರನ್ನು ಹಿಮಾಲಯದ ಎತ್ತರಕ್ಕೆ ಕೊಂಡೊಯ್ಯುತ್ತಾರೆ. 1984ರ ಏಪ್ರಿಲ್ 3ರಂದು ಸೋಯುಜ್ ನೌಕೆಯಲ್ಲಿ ಅಂತರಿಕ್ಷಕ್ಕೆ ಏರಿದ ರಾಕೇಶ್ ಶರ್ಮಾ ಅವರೂ, ಅವರಿಗೆ ಬದಲಿಯಾಗಿ ಸಿದ್ಧರಾಗಿದ್ದ ರವೀಶ್ ಮಲ್ಹೋತ್ರಾ ಅವರೂ ಆಯ್ಕೆಯ ಕಾಲದಲ್ಲಿ ಬೆಂಗಳೂರಿನಲ್ಲಿಯೇ ಪರೀಕ್ಷಿತರಾದವರು. ಮುಚ್ಚಿದ ಕೋಣೆಯಲ್ಲಿ 72 ಗಂಟೆಗಳ ಕಾಲ ಏಕಾಂಗಿಯಾಗಿ ಇರಬೇಕಾದುದು ರಾಕೇಶ್ ಶರ್ಮಾ ಅವರ ಪರೀಕ್ಷೆಗಳಲ್ಲಿ ಒಂದಾಗಿತ್ತು. ಗಗನಯಾನ ಯೋಜನೆಗಾಗಿ 2019ರಲ್ಲಿ ನಡೆದ ವೈಮಾನಿಕರ ಆಯ್ಕೆಯ ಮೊದಲ ಹಂತವೂ ಇದೇ ಸಂಸ್ಥೆಯಲ್ಲಿಯೇ ಜರುಗಿತು.

ಗಾಳಿಯ ಲೆಕ್ಕ

ಗಾಳಿಯಲ್ಲಿ ನೂರಕ್ಕೆ ಸುಮಾರು 78 ಪಾಲು ಸಾರಜನಕ, 21 ಪಾಲು ಆಮ್ಲಜನಕ; ಮಿಕ್ಕ ಒಂದು ಪಾಲು ಇತರ ವಾಯುಗಳು. ಇದು ಶಾಲೆಯ ಪಾಠ. ಆದರೆ ಮನುಷ್ಯನ ಉಸಿರಿಗೆ ಈ ಪಾಲಿನ ಲೆಕ್ಕವೊಂದೇ ಸಾಲದು. ಒತ್ತಡದ ಲೆಕ್ಕವೂ ಬೇಕು. ಸಮುದ್ರಮಟ್ಟದಲ್ಲಿ ಗಾಳಿಯ ಒತ್ತಡವು 760 ಮಿಲಿಮೀಟರ್ ಪಾದರಸದ ಕಂಬಕ್ಕೆ ಸಮ. ಅದರ 21 ಪಾಲು, ಎಂದರೆ ಸುಮಾರು 160 ಮಿಲಿಮೀಟರ್, ಆಮ್ಲಜನಕದ ಸ್ವಂತ ಒತ್ತಡ. ಶ್ವಾಸಕೋಶದಿಂದ ರಕ್ತಕ್ಕೆ ಆಮ್ಲಜನಕವನ್ನು ನೂಕುವುದು ಈ ಒತ್ತಡವೇ.

ಬೇಲೂರು, ಹಳೇಬೀಡುಗಳು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿವೆ. ಇಲ್ಲಿನ ಗಾಳಿಯ ಒತ್ತಡ ಸುಮಾರು 680 ಮಿಲಿಮೀಟರ್. ಆಮ್ಲಜನಕದ ಪಾಲಿನ ಒತ್ತಡ 143ರ ಆಸುಪಾಸು. ಮಂಗಳೂರಿನವನಿಗಿಂತ ಹತ್ತರಲ್ಲಿ ಒಂದು ಪಾಲಿನಷ್ಟು ತೆಳುವಾದ ಗಾಳಿಯನ್ನು ಇಲ್ಲಿನ ಜನರು ಉಸಿರಾಡುತ್ತಿದ್ದಾರೆ. ಶರೀರವು ಈ ಅಲ್ಪ ವ್ಯತ್ಯಾಸವನ್ನು ಗಮನಿಸುವುದೂ ಇಲ್ಲ. ಶಿರಾಡಿ ಘಾಟಿಯನ್ನು ಬಸ್ಸಿನಲ್ಲಿ ಇಳಿಯುವಾಗ ಕಿವಿ ಮುಚ್ಚಿದಂತಾಗಿ, ಉಗುಳು ನುಂಗಿದೊಡನೆ ತೆರೆದುಕೊಳ್ಳುವುದು ಮಾತ್ರ ಈ ವ್ಯತ್ಯಾಸದ ಗುರುತು. ಕೋಷ್ಠದಲ್ಲಿ ಒತ್ತಡವನ್ನು ಇಳಿಸಿ ಏರಿಸುವಾಗಲೂ ಒಳಗಿನವರ ಮೊದಲ ಅನುಭವ ಇದೇ. ಆದರೆ ಎವರೆಸ್ಟ್ ಶಿಖರದ ತುದಿಯಲ್ಲಿ ಒಟ್ಟು ಒತ್ತಡವು ಸಮುದ್ರಮಟ್ಟದ ಮೂರನೆಯ ಒಂದು ಪಾಲಿಗೆ ಇಳಿದಿರುತ್ತದೆ. ಅಲ್ಲಿಯೂ ಗಾಳಿಯಲ್ಲಿ ಆಮ್ಲಜನಕದ ಪಾಲು 21ರಷ್ಟೇ; ಆದರೆ ಅದನ್ನು ರಕ್ತಕ್ಕೆ ನೂಕುವ ಬಲ ಇಲ್ಲ.

ಕೋಷ್ಠದ ವಾಯುವನ್ನು ನಿಯಂತ್ರಿಸುವವರು ಈ ಎರಡು ಲೆಕ್ಕಗಳನ್ನೂ ಒಟ್ಟಿಗೆ ಹಿಡಿದು ನಡೆಯಬೇಕು. ಪಾಲನ್ನು ಹೆಚ್ಚಿಸಿ ಒತ್ತಡವನ್ನು ತಗ್ಗಿಸಬಹುದು. ಒತ್ತಡವನ್ನು ಹೆಚ್ಚಿಸಿ ಪಾಲನ್ನು ತಗ್ಗಿಸಬಹುದು. ಯಾವುದೊಂದರಲ್ಲಿ ತಪ್ಪಿದರೂ ಒಳಗಿರುವವನ ಪ್ರಾಣಕ್ಕೆ ಅಪಾಯ.

ಕೊರತೆಯ ಅಪಾಯ

ಆಮ್ಲಜನಕದ ಕೊರತೆಯು ಮೋಸಗಾರ ಶತ್ರು. ನೀರಿನಲ್ಲಿ ಮುಳುಗಿದವನಿಗೆ ಉಸಿರು ಕಟ್ಟಿದ ಸಂಕಟ ತಿಳಿಯುತ್ತದೆ. ತೆಳುಗಾಳಿಯಲ್ಲಿ ಕುಳಿತವನಿಗೆ ಅಂತಹ ಸಂಕಟವೇನೂ ತೋರುವುದಿಲ್ಲ. ಬದಲಾಗಿ ಮನಸ್ಸಿಗೆ ಒಂದು ಬಗೆಯ ಉಲ್ಲಾಸವೇ ಉಂಟಾಗಬಹುದು. ಕೋಷ್ಠದಲ್ಲಿ ವೈಮಾನಿಕರಿಗೆ ಶ್ವಾಸದ ಮುಖವಾಡವನ್ನು ತೆಗೆಸಿ, ಕಾಗದದ ಮೇಲೆ ಹೆಸರು ಬರೆಯಿರಿ, ಲೆಕ್ಕ ಮಾಡಿರಿ ಎಂದು ಹೇಳುವುದುಂಟು. ಕೆಲವೇ ನಿಮಿಷಗಳಲ್ಲಿ ಅಕ್ಷರಗಳು ವಕ್ರವಾಗುತ್ತವೆ, ಲೆಕ್ಕಗಳು ತಪ್ಪುತ್ತವೆ, ಉಗುರುಗಳು ನೀಲಿಗಟ್ಟುತ್ತವೆ. ಆದರೂ ಬರೆಯುವವನು ತಾನು ಚೆನ್ನಾಗಿಯೇ ಬರೆಯುತ್ತಿರುವೆನೆಂದು ನಂಬಿರುತ್ತಾನೆ. ಸುಮಾರು 7,600 ಮೀಟರ್ ಎತ್ತರದ ಸ್ಥಿತಿಯಲ್ಲಿ ಮನುಷ್ಯನು ವಿವೇಕದಿಂದ ವರ್ತಿಸಬಲ್ಲ ಅವಧಿಯು ಮೂರರಿಂದ ಐದು ನಿಮಿಷ ಮಾತ್ರ. ಇನ್ನೂ ಮೇಲೆ ಹೋದರೆ ಅದು ಕೆಲವು ಸೆಕೆಂಡುಗಳಿಗೆ ಇಳಿಯುತ್ತದೆ. ತನ್ನ ಸ್ಥಿತಿಯನ್ನು ಅರಿಯಬೇಕಾದ ಬುದ್ಧಿಯೇ ಮೊದಲು ಮಂಕಾಗುವುದರಿಂದ, ಮುಖವಾಡವನ್ನು ಧರಿಸಿದ ಮತ್ತೊಬ್ಬನು ಪಕ್ಕದಲ್ಲಿದ್ದು ನೋಡಿಕೊಳ್ಳುವುದು ಇಲ್ಲಿ ಅನಿವಾರ್ಯ.

ಸುಮಾರು 19 ಕಿಲೋಮೀಟರ್ ಎತ್ತರದ ಒತ್ತಡದಲ್ಲಿ ನೀರು ಶರೀರದ ಉಷ್ಣತೆಯಲ್ಲಿಯೇ ಕುದಿಯತೊಡಗುತ್ತದೆ. 1966ರ ಡಿಸೆಂಬರ್‌ನಲ್ಲಿ ಅಮೆರಿಕದ ಹ್ಯೂಸ್ಟನ್ ನಗರದ ನಿರ್ವಾತ ಕೋಷ್ಠವೊಂದರಲ್ಲಿ ಜಿಮ್ ಲೆಬ್ಲಾಂಕ್ ಎಂಬ ತಂತ್ರಜ್ಞನು ವ್ಯೋಮ ಉಡುಪನ್ನು ಪರೀಕ್ಷಿಸುತ್ತಿದ್ದಾಗ, ಉಡುಪಿಗೆ ಒತ್ತಡವನ್ನು ಒದಗಿಸುವ ಕೊಳವೆ ಕಳಚಿಹೋಯಿತು. ಸುಮಾರು 14 ಸೆಕೆಂಡುಗಳಲ್ಲಿ ಅವನು ಪ್ರಜ್ಞೆ ತಪ್ಪಿ ಬಿದ್ದನು. ಹೊರಗಿನವರು ತಡಮಾಡದೆ ಕೋಷ್ಠಕ್ಕೆ ಗಾಳಿಯನ್ನು ನುಗ್ಗಿಸಿ, ನೆರವಿಗೆ ಧಾವಿಸಿದರು. ಅವನು ಬದುಕಿದನು. ನಾಲಗೆಯ ಮೇಲಿನ ಉಗುಳು ಕುದಿಯತೊಡಗಿದಂತಾದುದೇ ಪ್ರಜ್ಞೆ ತಪ್ಪುವ ಮುನ್ನ ತನಗಾದ ಕೊನೆಯ ಅನುಭವವೆಂದು ಅವನು ಮುಂದೆ ಹೇಳಿದನು. ಅವನನ್ನು ಉಳಿಸಿದುದು ಹೊರಗಿದ್ದವರ ಎಚ್ಚರ.

ಅತಿರೇಕದ ಅಪಾಯ

ಕೊರತೆಯಿಂದ ಇಷ್ಟು ಅಪಾಯವಿದ್ದರೆ, ಆಮ್ಲಜನಕವನ್ನು ಧಾರಾಳವಾಗಿ ತುಂಬಿಬಿಟ್ಟರೆ ಸಾಲದೆ ಎಂಬ ಪ್ರಶ್ನೆ ಏಳುವುದು ಸಹಜ. ಇಲ್ಲಿ ಹೆಸರುಗಳ ವಿಚಾರವೊಂದನ್ನು ಗಮನಿಸಬಹುದು. ಆಮ್ಲಜನಕವೆಂಬುದು ಆಮ್ಲವನ್ನು ಹುಟ್ಟಿಸುವುದು ಎಂಬ ಅರ್ಥದ ಶಬ್ದ. ಎಲ್ಲ ಆಮ್ಲಗಳಲ್ಲಿಯೂ ಈ ವಾಯು ಇರುವುದೆಂದು ಫ್ರಾನ್ಸಿನ ಲಾವಾಸಿಯೆ ಭಾವಿಸಿ ಇಟ್ಟ ಹೆಸರಿನ ಭಾಷಾಂತರವಿದು. ಆ ಭಾವನೆಯು ತಪ್ಪೆಂದು ಮುಂದೆ ತಿಳಿದರೂ ಹೆಸರು ಉಳಿಯಿತು. ಜನರು ಇದನ್ನು ಪ್ರಾಣವಾಯುವೆಂದೂ ಕರೆಯುತ್ತಾರೆ. ಆ ಹೆಸರು ಸರಿಯಾದುದೇ ಆದರೂ ಅದು ವಾಯುವಿನ ಒಂದು ಮುಖವನ್ನು ಮಾತ್ರ ಹೇಳುತ್ತದೆ. ಸಂಸ್ಕೃತದ ನಿಘಂಟುಗಳಲ್ಲಿ ಅಗ್ನಿಗೆ ವಾಯುಸಖನೆಂಬ ಹೆಸರಿದೆ. ವಾಯುವನ್ನು ಸಖನನ್ನಾಗಿ ಉಳ್ಳವನು ಎಂದು ಅದರ ಅರ್ಥ. ಪ್ರಾಣವನ್ನು ಪೊರೆಯುವ ವಾಯುವೇ ಬೆಂಕಿಯ ಗೆಳೆಯನೂ ಹೌದೆಂಬುದನ್ನು ಈ ಹೆಸರು ನೆನಪಿಸುತ್ತದೆ. ವ್ಯೋಮಯುಗದ ಆರಂಭದಲ್ಲಿ ಈ ಎರಡನೆಯ ಮುಖವನ್ನು ಅಲಕ್ಷಿಸಿದುದರಿಂದ ಆದ ಹಾನಿ ಅಪಾರ.

1961ರ ಮಾರ್ಚ್ 23ರಂದು ಮಾಸ್ಕೋದಲ್ಲಿ ವ್ಯಾಲೆಂಟಿನ್ ಬೊಂಡರೆಂಕೊ ಎಂಬ ತರುಣ ಗಗನಯಾತ್ರಿಯು ಅಲ್ಪಒತ್ತಡದ, ಆದರೆ ಆಮ್ಲಜನಕ ಹೆಚ್ಚಿದ ಕೋಷ್ಠದಲ್ಲಿ ಏಕಾಂತವಾಸದ ಪರೀಕ್ಷೆಯಲ್ಲಿದ್ದನು. ಮೈಮೇಲಿನ ಉಪಕರಣಗಳನ್ನು ತೆಗೆದು, ಮದ್ಯಸಾರದಲ್ಲಿ ಅದ್ದಿದ ಹತ್ತಿಯಿಂದ ಚರ್ಮವನ್ನು ಒರಸಿಕೊಂಡು, ಆ ಹತ್ತಿಯನ್ನು ಅರಿಯದೆ ಎಸೆದನು. ಅದು ವಿದ್ಯುತ್ ಒಲೆಯ ಮೇಲೆ ಬಿದ್ದಿತು. ಸಾಧಾರಣ ಗಾಳಿಯಲ್ಲಾಗಿದ್ದರೆ ಕೈಯಿಂದ ಆರಿಸಬಹುದಾಗಿದ್ದ ಕಿಡಿಯು ಅಲ್ಲಿ ಕ್ಷಣಾರ್ಧದಲ್ಲಿ ಅಗ್ನಿಜ್ವಾಲೆಯಾಯಿತು. ಒಳಗೂ ಹೊರಗೂ ಒತ್ತಡದ ಅಂತರವಿದ್ದುದರಿಂದ ಬಾಗಿಲನ್ನು ಕೂಡಲೇ ತೆರೆಯಲಾಗಲಿಲ್ಲ. ಕೆಲವು ಗಂಟೆಗಳ ಅನಂತರ ಅವನು ಆಸ್ಪತ್ರೆಯಲ್ಲಿ ಅಸುನೀಗಿದನು. ಯೂರಿ ಗಗಾರಿನ್ ಅಂತರಿಕ್ಷಕ್ಕೆ ಏರಿದುದು ಇದಾದ ಮೂರೇ ವಾರಗಳಲ್ಲಿ. ಬೊಂಡರೆಂಕೊನ ಸಾವಿನ ಸಂಗತಿಯನ್ನು ಸೋವಿಯತ್ ಸರ್ಕಾರವು ಗುಟ್ಟಾಗಿಯೇ ಇಟ್ಟಿತು. ಅದು ಪತ್ರಿಕೆಯಲ್ಲಿ ಪ್ರಕಟವಾದುದು 1986ರಲ್ಲಿ.

ಆ ಪಾಠವು ಹೀಗೆ ಮರೆಯಲ್ಲಿದ್ದ ಕಾಲದಲ್ಲಿಯೇ, 1967ರ ಜನವರಿ 27ರಂದು, ಅಮೆರಿಕದ ಉಡಾವಣಾ ನೆಲೆಯಲ್ಲಿ ಅಪೋಲೊ ನೌಕೆಯ ಪೂರ್ವಪರೀಕ್ಷೆ ನಡೆಯುತ್ತಿತ್ತು. ಗಸ್ ಗ್ರಿಸಮ್, ಎಡ್ವರ್ಡ್ ವೈಟ್, ರೋಜರ್ ಚಾಫಿ ಎಂಬ ಮೂವರು ಒಳಗಿದ್ದರು. ಅಂತರಿಕ್ಷದಲ್ಲಿ ಆ ನೌಕೆಯು ಸುಮಾರು 260 ಮಿಲಿಮೀಟರ್ ಒತ್ತಡದ ಶುದ್ಧ ಆಮ್ಲಜನಕದಿಂದ ತುಂಬಿರುವಂತೆ ಯೋಜಿಸಲಾಗಿತ್ತು. ಕಡಿಮೆ ಒತ್ತಡವಾದುದರಿಂದ ಗೋಡೆಗಳು ಹಗುರವಾಗಿದ್ದರೆ ಸಾಕು, ಒಂದೇ ವಾಯುವಾದುದರಿಂದ ಯಂತ್ರವೂ ಸರಳ; ಇದು ಅವರ ತರ್ಕವಾಗಿತ್ತು. ಆದರೆ ನೆಲದ ಮೇಲಿನ ಪರೀಕ್ಷೆಯಲ್ಲಿ ಹೊರಗಿನ ಗಾಳಿ ಒಳನುಗ್ಗದಿರಲೆಂದು ಹೊರಗಿಗಿಂತ ಹೆಚ್ಚಿನ ಒತ್ತಡದಲ್ಲಿ, ಸುಮಾರು 860 ಮಿಲಿಮೀಟರಿನಷ್ಟು, ಶುದ್ಧ ಆಮ್ಲಜನಕವನ್ನು ತುಂಬಿದ್ದರು. ಎಂದರೆ ಸಹಜ ಗಾಳಿಯಲ್ಲಿರುವುದರ ಐದು ಪಟ್ಟಿಗೂ ಹೆಚ್ಚು. ವಿದ್ಯುತ್ ತಂತಿಗಳ ನಡುವೆ ಎಲ್ಲಿಯೋ ಕಿಡಿ ಹಾರಿತು. ಒಳಗಿದ್ದ ನೈಲಾನ್ ಬಲೆ, ಅಂಟುಪಟ್ಟಿಗಳೆಲ್ಲವೂ ಆ ವಾಯುವಿನಲ್ಲಿ ಸಿಡಿಮದ್ದಿನಂತೆ ಹೊತ್ತಿಕೊಂಡವು. ಬಾಗಿಲು ಒಳಮುಖವಾಗಿ ತೆರೆಯುವಂಥದು. ಒಳಗಿನ ಒತ್ತಡವೇ ಅದನ್ನು ಬಿಗಿಯಾಗಿ ಒತ್ತಿಹಿಡಿದುದರಿಂದ ಯಾರಿಂದಲೂ ತೆರೆಯಲಾಗಲಿಲ್ಲ. ಮೂವರೂ ಹೊಗೆಯಿಂದ ಉಸಿರುಕಟ್ಟಿ ಮೃತರಾದರು. ಇದಾದ ನಾಲ್ಕೇ ದಿನಗಳಿಗೆ, ಜನವರಿ 31ರಂದು, ಟೆಕ್ಸಾಸಿನ ಬ್ರೂಕ್ಸ್ ವಾಯುನೆಲೆಯ ಆಮ್ಲಜನಕ ಕೋಷ್ಠವೊಂದರಲ್ಲಿ ಬೆಂಕಿ ಹತ್ತಿ ಇಬ್ಬರು ತರುಣರು ಬಲಿಯಾದರು.

ಅತಿಯಾದರೆ ಅಮೃತವೂ ವಿಷವೆಂಬ ನಾಣ್ಣುಡಿಗೆ ಇದಕ್ಕಿಂತ ದಾರುಣವಾದ ನಿದರ್ಶನ ಬೇಕಾಗಿಲ್ಲ. ಈ ಬಲಿಗಳ ತರುವಾಯ ನಿಯಮಗಳು ಬದಲಾದವು. ಅಪೋಲೊ ನೌಕೆಯಲ್ಲಿ ನೆಲದ ಮೇಲಿರುವಾಗ 60 ಪಾಲು ಆಮ್ಲಜನಕ, 40 ಪಾಲು ಸಾರಜನಕದ ಮಿಶ್ರಣವನ್ನು ತುಂಬುವ ಕ್ರಮ ಬಂದಿತು. ಬೇಗ ಉರಿಯುವ ವಸ್ತುಗಳನ್ನು ಆದಷ್ಟೂ ತೆಗೆದುಹಾಕಿದರು. ಹೊರಮುಖವಾಗಿ, ಕೆಲವೇ ಸೆಕೆಂಡುಗಳಲ್ಲಿ ತೆರೆಯುವ ಬಾಗಿಲನ್ನು ನಿರ್ಮಿಸಿದರು.

ಒಳಗಿನವರ ಉಸಿರೇ ಒಡ್ಡುವ ಅಪಾಯ

ಆಮ್ಲಜನಕದ ಹದ ಸರಿಹೋದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ಒಬ್ಬ ಮನುಷ್ಯನು ದಿನವೊಂದಕ್ಕೆ ಸುಮಾರು 840 ಗ್ರಾಂ ಆಮ್ಲಜನಕವನ್ನು ಬಳಸಿ, ಸುಮಾರು ಒಂದು ಕಿಲೋಗ್ರಾಂ ಇಂಗಾಲಾಮ್ಲವಾಯುವನ್ನು ಹೊರಬಿಡುತ್ತಾನೆ. ಬಯಲುಗಾಳಿಯಲ್ಲಿ ಈ ವಾಯುವಿನ ಪಾಲು ಹತ್ತುಸಾವಿರಕ್ಕೆ ನಾಲ್ಕರಷ್ಟು ಮಾತ್ರ. ಮುಚ್ಚಿದ ಕೋಷ್ಠದಲ್ಲಿ ಅದು ನೂರಕ್ಕೆ ಕೆಲವು ಪಾಲುಗಳಿಗೆ ಏರಿದರೆ ತಲೆನೋವು, ಏದುಸಿರು, ಮಂಕುತನಗಳು ಕಾಣಿಸುತ್ತವೆ. ಹತ್ತು ಪಾಲಿನ ಹತ್ತಿರ ಬಂದರೆ ಪ್ರಜ್ಞೆಯೇ ತಪ್ಪುತ್ತದೆ. ಹಗೇವಿನಲ್ಲಿ ರಾಗಿಯು ಮಾಡುವ ಕೆಲಸವನ್ನು ಇಲ್ಲಿ ಮನುಷ್ಯನು ತನಗೆ ತಾನೇ ಮಾಡಿಕೊಳ್ಳುತ್ತಾನೆ.

ಇದರ ನಿವಾರಣೆಯ ತತ್ತ್ವವು ಶಾಲೆಯ ಪ್ರಯೋಗಶಾಲೆಯಲ್ಲಿಯೇ ಇದೆ. ಸುಣ್ಣದ ತಿಳಿನೀರಿನೊಳಕ್ಕೆ ಕೊಳವೆಯಿಂದ ಊದಿದರೆ ಅದು ಹಾಲಿನಂತೆ ಬೆಳ್ಳಗಾಗುವುದನ್ನು ವಿದ್ಯಾರ್ಥಿಗಳು ಕಂಡಿದ್ದಾರೆ. ಸುಣ್ಣವು ಉಸಿರಿನಲ್ಲಿರುವ ಇಂಗಾಲಾಮ್ಲವನ್ನು ಹಿಡಿದುಕೊಂಡುದರ ಗುರುತು ಅದು. ಅದೇ ಜಾತಿಯ, ತೂಕದಲ್ಲಿ ಹಗುರವಾದ ಲಿಥಿಯಂ ಹೈಡ್ರಾಕ್ಸೈಡ್ ಎಂಬ ಕ್ಷಾರವನ್ನು ಡಬ್ಬಿಗಳಲ್ಲಿ ತುಂಬಿ, ಕೋಷ್ಠದ ಗಾಳಿಯನ್ನು ಬೀಸಣಿಗೆಗಳಿಂದ ಅದರ ಮೂಲಕ ಹಾಯಿಸುತ್ತಾರೆ. 1970ರ ಏಪ್ರಿಲ್‌ನಲ್ಲಿ ಅಪೋಲೊ-13 ನೌಕೆಯ ಆಮ್ಲಜನಕದ ತೊಟ್ಟಿ ಸಿಡಿದು ಮೂವರು ಯಾತ್ರಿಗಳು ಚಂದ್ರನೌಕೆಯಲ್ಲಿ ಆಶ್ರಯ ಪಡೆದಾಗ, ಒಂದು ನೌಕೆಯ ಚೌಕಾಕಾರದ ಡಬ್ಬಿಯು ಇನ್ನೊಂದರ ದುಂಡು ಕಂಡಿಗೆ ಹೊಂದದೆ ಹೋಯಿತು. ರಟ್ಟು, ಪ್ಲಾಸ್ಟಿಕ್ ಚೀಲ, ಕೊಳವೆ, ಅಂಟುಪಟ್ಟಿಗಳಿಂದ ಜೋಡಣೆಯೊಂದನ್ನು ರಚಿಸಿ ಅವರು ಬದುಕಿ ಬಂದರು. ಡಬ್ಬಿಯ ಆಕಾರದಷ್ಟು ಚಿಕ್ಕ ಸಂಗತಿಯೂ ಪ್ರಾಣದ ಪ್ರಶ್ನೆಯಾಗಬಲ್ಲುದು.

ಇಂಗಾಲಾಮ್ಲದೊಂದಿಗೆ ಬೆವರು, ಉಸಿರುಗಳ ತೇವವನ್ನೂ ತೆಗೆಯಬೇಕು. ತೇವ ಹೆಚ್ಚಿದರೆ ವಿದ್ಯುತ್ ಉಪಕರಣಗಳಿಗೆ ಹಾನಿ, ತೀರ ಕಡಿಮೆಯಾದರೆ ಕಣ್ಣು ಗಂಟಲುಗಳಿಗೆ ಬಾಧೆ. ಬಣ್ಣ, ಅಂಟು, ಪ್ಲಾಸ್ಟಿಕ್ಕುಗಳಿಂದ ಹೊರಡುವ ಸೂಕ್ಷ್ಮ ವಿಷವಾಯುಗಳನ್ನು ಇದ್ದಿಲಿನ ಶೋಧಕದಿಂದ ಹೀರಿಸಬೇಕು. ಎಲ್ಲಕ್ಕಿಂತ ಮಿಗಿಲಾಗಿ ಗಾಳಿಯು ಸುಳಿದಾಡುತ್ತಿರಬೇಕು. ಬೇಲೂರಿನ ಚೆನ್ನಕೇಶವ ದೇವಾಲಯದ ನವರಂಗವು ಮೊದಲು ತೆರೆದಿದ್ದು, ಇಮ್ಮಡಿ ವೀರಬಲ್ಲಾಳನ ಕಾಲದಲ್ಲಿ ಅದನ್ನು ಸುತ್ತಲೂ ಮುಚ್ಚಿದಾಗ, ಬರಿಯ ಗೋಡೆಯನ್ನು ಎಬ್ಬಿಸದೆ ಕಲ್ಲಿನ ಜಾಲಂಧ್ರಗಳನ್ನು ನಿಲ್ಲಿಸಿದರು. ಮುಚ್ಚಿದರೂ ಬೆಳಕೂ ಗಾಳಿಯೂ ಆಡುವಂತಾಯಿತು. ವ್ಯೋಮಕೋಷ್ಠಕ್ಕೆ ಜಾಲಂಧ್ರವನ್ನು ಇಡುವಂತಿಲ್ಲ. ಆ ಕೆಲಸವನ್ನು ಬೀಸಣಿಗೆಯೂ ಕೊಳವೆಯೂ ಮಾಡಬೇಕು. ಭಾರರಹಿತವಾದ ಅಂತರಿಕ್ಷದಲ್ಲಿ ಇದು ಇನ್ನೂ ಅಗತ್ಯ. ಭೂಮಿಯ ಮೇಲೆ ಬೆಚ್ಚನೆಯ ಉಸಿರು ತಾನಾಗಿ ಮೇಲೇರಿ ಚದರುತ್ತದೆ; ಅಲ್ಲಿ ಮೇಲು ಕೆಳಗೆಂಬುದೇ ಇಲ್ಲವಾದುದರಿಂದ, ಬಿಟ್ಟ ಉಸಿರು ಮಲಗಿದವನ ಮುಖದ ಸುತ್ತಲೇ ನಿಂತುಬಿಡಬಹುದು. ನೆಲದ ಮೇಲಿನ ಯಾವ ಕೋಷ್ಠವೂ ಈ ಒಂದು ಸ್ಥಿತಿಯನ್ನು ಅನುಕರಿಸಲಾರದೆಂಬುದನ್ನೂ ಪರೀಕ್ಷಕರು ನೆನಪಿಡಬೇಕಾಗುತ್ತದೆ.

ನಿರುಪದ್ರವಿಯೆಂದು ತೋರುವ ಸಾರಜನಕವೂ ಒಂದು ತೊಡಕನ್ನು ಒಡ್ಡುತ್ತದೆ. ಗೋಲಿ ಸೋಡದ ಗೋಲಿಯನ್ನು ಒತ್ತಿದೊಡನೆ ಗುಳ್ಳೆಗಳು ಏಳುವಂತೆ, ಒತ್ತಡ ತಟ್ಟನೆ ಇಳಿದರೆ ರಕ್ತಮಾಂಸಗಳಲ್ಲಿ ಕರಗಿದ್ದ ಸಾರಜನಕವು ಗುಳ್ಳೆಯಾಗಿ ಕೀಲುಗಳನ್ನು ಹಿಂಡುತ್ತದೆ. ಕೆಲವೊಮ್ಮೆ ಮೆದುಳಿಗೂ ಬಾಧೆಯಾಗುತ್ತದೆ. ಆದುದರಿಂದ ಬಹಳ ಎತ್ತರದ ಸ್ಥಿತಿಗೆ ಏರಿಸುವ ಮೊದಲು ಸಾಕಷ್ಟು ಹೊತ್ತು ಶುದ್ಧ ಆಮ್ಲಜನಕವನ್ನು ಮುಖವಾಡದಿಂದ ಉಸಿರಾಡಿಸಿ, ಶರೀರದ ಸಾರಜನಕವನ್ನು ಕಳೆಯುತ್ತಾರೆ.

ಹೊರಗಿರುವವರ ಹೊಣೆ

ಈ ಎಲ್ಲ ಪಾಠಗಳನ್ನು ಒಟ್ಟುಗೂಡಿಸಿದ ಮೇಲೆ ಕೋಷ್ಠವಾಸವು ಭಯಂಕರವಾಗಿ ಉಳಿಯಲಿಲ್ಲ. 1968ರ ಜೂನ್‌ನಲ್ಲಿ ಹ್ಯೂಸ್ಟನ್ನಿನ ಬೃಹತ್ ವ್ಯೋಮಕೋಷ್ಠದೊಳಗೆ ಇರಿಸಿದ ಅಪೋಲೊ ನೌಕೆಯಲ್ಲಿ ಜೋಸೆಫ್ ಕರ್ವಿನ್, ವ್ಯಾನ್ಸ್ ಬ್ರ್ಯಾಂಡ್, ಜೋ ಎಂಗಲ್ ಎಂಬವರು ಒಂದು ವಾರಕ್ಕೂ ಮೀರಿ ವಾಸಮಾಡಿ ಕ್ಷೇಮವಾಗಿ ಹೊರಬಂದರು. 1972ರ ಜುಲೈ 26ರಿಂದ ಮೂವರು 56 ದಿನಗಳ ಕಾಲ ಕೋಷ್ಠವೊಂದರಲ್ಲಿದ್ದರು. ಅಲ್ಲಿನ ಒತ್ತಡ ಸುಮಾರು 260 ಮಿಲಿಮೀಟರ್. ಆಮ್ಲಜನಕ 70 ಪಾಲು, ಸಾರಜನಕ 30 ಪಾಲು. ಲೆಕ್ಕ ಹಾಕಿದರೆ ಆಮ್ಲಜನಕದ ಒತ್ತಡವು 180ರ ಹತ್ತಿರ ಬರುತ್ತದೆ. ಸಹಜ ಗಾಳಿಯಲ್ಲಿರುವುದಕ್ಕೆ ಬಹುಮಟ್ಟಿಗೆ ಸಮಾನ. ಹದವೆಂದರೆ ಇದೇ.

ಇಂತಹ ಪರೀಕ್ಷೆಗಳಲ್ಲಿ ಒಳಗಿನ ಪ್ರತಿಯೊಂದು ವಾಯುವನ್ನೂ ಅಳೆಯುವ ಮಾಪಕಗಳು ಎಡೆಬಿಡದೆ ನಡೆಯುತ್ತಿರುತ್ತವೆ. ಮಾಪಕವೊಂದು ಕೆಟ್ಟರೆ ತಿಳಿಯಲೆಂದು ಅದೇ ಕೆಲಸಕ್ಕೆ ಮತ್ತೊಂದು ಇರುತ್ತದೆ. ವೈದ್ಯನೊಬ್ಬನು ಒಳಗಿನವರ ನಾಡಿಯನ್ನೂ ಮಾತನ್ನೂ ಗಮನಿಸುತ್ತಿರುತ್ತಾನೆ. ದೊಡ್ಡ ಕೋಷ್ಠಗಳ ಬಾಗಿಲ ಬಳಿಯ ನಡುಕೋಣೆಯಲ್ಲಿ ರಕ್ಷಕರು ನಡುವಣ ಒತ್ತಡಕ್ಕೆ ಸಿದ್ಧರಾಗಿ ಕಾದಿರುತ್ತಾರೆ. ಒಳಗಿನವನಿಗೆ ಏನಾದರೂ ಆದರೆ ಒಳನುಗ್ಗುವ ಅವರಿಗೇ ಅಪಾಯವಾಗಬಾರದೆಂಬುದು ಈ ಏರ್ಪಾಟಿನ ಉದ್ದೇಶ.

ಭಾರತದ ಗಗನಯಾನ ಯೋಜನೆಯ ಹೊಣೆಯನ್ನು ಹೊರಲೆಂದು 2019ರಲ್ಲಿ ಬೆಂಗಳೂರಿನಲ್ಲಿ ಮಾನವ ವ್ಯೋಮಯಾನ ಕೇಂದ್ರವು ಆರಂಭವಾಯಿತು. ಯಾತ್ರಿಗಳ ಕೋಣೆಯಲ್ಲಿ ಭೂಮಿಯಂತಹ ವಾತಾವರಣವನ್ನು ಉಳಿಸಿಕೊಳ್ಳುವ ಜೀವಾಧಾರ ವ್ಯವಸ್ಥೆಯನ್ನು ದೇಶದಲ್ಲಿಯೇ ರೂಪಿಸುವ ಕಾರ್ಯವನ್ನು ಭಾರತೀಯ ವಿಜ್ಞಾನಿಗಳು ಕೈಗೊಂಡರು. ಈ ಯೋಜನೆಗೆ ಆಯ್ಕೆಯಾದ ನಾಲ್ವರಲ್ಲಿ ಒಬ್ಬರಾದ ಶುಭಾಂಶು ಶುಕ್ಲಾ ಅವರು 2025ರ ಜೂನ್ 25ರಂದು ಹೊರಟು, ಅಂತರರಾಷ್ಟ್ರೀಯ ವ್ಯೋಮನಿಲ್ದಾಣದಲ್ಲಿದ್ದು, ಜುಲೈ 15ರಂದು ಮರಳಿದರು. ಅವರ ಒಂದೊಂದು ಉಸಿರಿನ ಹಿಂದೆಯೂ ಕೋಷ್ಠಗಳಲ್ಲಿ ಪ್ರಾಣವನ್ನು ತೆತ್ತವರ ಋಣವಿದೆ.

ಈ ಶಾಸ್ತ್ರವು ಗಗನಯಾತ್ರಿಗಳಿಗೆ ಮಾತ್ರ ಮೀಸಲಲ್ಲ. ಹಗೇವುಗಳು ಇಂದು ಬಹುಮಟ್ಟಿಗೆ ಮಾಯವಾಗಿರಬಹುದು. ಆದರೆ ಪಾಳುಬಾವಿ, ಗೊಬ್ಬರ ಅನಿಲದ ತೊಟ್ಟಿ, ಮಲಗುಂಡಿಗಳು ಊರೂರಿನಲ್ಲಿವೆ. ಅವುಗಳ ತಳದಲ್ಲಿಯೂ ಕಣ್ಣಿಗೆ ಕಾಣದ ಮೃತ್ಯುವು ನಿಂತಿರಬಹುದು. ಇಲ್ಲಿ ಹಳೆಯ ಲಾಂದ್ರದ ಪರೀಕ್ಷೆಯೂ ಸಾಲದು. ಮಲಗುಂಡಿಯ ವಿಷವಾಯುವನ್ನು ದೀಪವು ತೋರಿಸಲಾರದು. ಅಲ್ಲಿ ಸೇರಿದ ಉರಿಯುವ ವಾಯುವಾದರೋ ದೀಪ ಸೋಕಿದೊಡನೆ ಸಿಡಿಯಬಹುದು. ರಕ್ಷಣಾ ಸಾಧನಗಳಿಲ್ಲದೆ ಮನುಷ್ಯನನ್ನು ಇಂತಹ ಗುಂಡಿಗೆ ಇಳಿಸುವುದನ್ನು 2013ರ ಕೇಂದ್ರ ಕಾಯಿದೆಯು ನಿಷೇಧಿಸಿದೆ. ಬಿದ್ದವನನ್ನು ಎತ್ತಲು ಹಿಂದೆಯೇ ಧುಮುಕುವುದು ಸಾಹಸವೆನಿಸಬಹುದು. ಅದರಿಂದ ಒಂದು ಸಾವು ಎರಡಾಗುವುದೇ ಹೆಚ್ಚು. ಅಗ್ನಿಶಾಮಕ ದಳದವರನ್ನು ಕರೆಯುವುದೂ, ಅವರು ಬರುವ ತನಕ ಮೇಲಿನಿಂದಲೇ ಹಗ್ಗ, ಗಾಳಿಗಳ ಏರ್ಪಾಟು ಮಾಡುವುದೂ ವಿವೇಕ. ಮುಚ್ಚಿದ ಜಾಗಕ್ಕೆ ಇಳಿಯುವವನ ಪ್ರಾಣವು ಮೇಲೆ ನಿಂತವನ ಕೈಯಲ್ಲಿರುತ್ತದೆ. ಹಗೇವಿನ ಬಾಯಲ್ಲಿ ಹಗ್ಗ ಹಿಡಿದು ಕುಳಿತ ಅಜ್ಜನೂ, ವ್ಯೋಮಕೋಷ್ಠದ ಮಾಪಕದ ಮುಂದೆ ಕಣ್ಣೆವೆಯಿಕ್ಕದೆ ಕುಳಿತ ವಿಜ್ಞಾನಿಯೂ ಕಾಯುತ್ತಿರುವುದು ಒಂದನ್ನೇ. ಆ ಎಚ್ಚರವನ್ನು ವಿದ್ಯಾರ್ಥಿಗಳು ತಮ್ಮ ಊರಿನಲ್ಲಿಯೇ ಕಲಿತು, ಇತರರಿಗೂ ಕಲಿಸಬೇಕು.